ಹಂಪಮ್ಮನ ಹಿಡಿ ಶೇಂಗಾ

ಪೋತ್ನಾಳದ ಹುಲಗಪ್ಪನನ್ನು ಆ ದಿನ ಇಕ್ಕಟ್ಟಿಗೆ ಸಿಕ್ಕಿಸಿದ್ದು ವೈರಿಗಳಲ್ಲ, ಅವನ ಕೈಕೆಳಗೆ ದುಡಿಯುವ ಹಂಪಮ್ಮನ ದೊಡ್ಡ ಮನಸ್ಸು. ದೊಡ್ಡ ಮನಸ್ಸಿನವರಿಂದ ಕೆಲಸ ಮಾಡಿಸುವುದು ಎಷ್ಟು ಕಷ್ಟವೆಂಬುದು ಮಾಡಿಸಿದವರಿಗೇ ಗೊತ್ತು.

ಹುಲಗಪ್ಪ ಮನೆಯ ಪಕ್ಕದ ಶೆಡ್ಡಿನಲ್ಲಿ ಅಗಸೆಬೀಜದ ಚಟ್ನಿಪುಡಿ ಮಾಡಿಸಿ ಪ್ಯಾಕೆಟ್ ಕಟ್ಟುತ್ತಿದ್ದ. ಪ್ರತಿಯೊಂದರ ಮೇಲೂ ದಪ್ಪ ಅಕ್ಷರದ ಲೇಬಲ್ಲು: ‘ಶೇಂಗಾ ಇಲ್ಲ’. ಶೇಂಗಾ ಇಲ್ಲದೆ ಒಲೆಯೇ ಹೊತ್ತದ ಸೀಮೆಯಲ್ಲಿ ಇದನ್ನು ಯಾರು ಕೊಳ್ಳುತ್ತಾರೆಂದು ಊರವರು ನಕ್ಕಿದ್ದರು. ಆದರೆ ರಾಯಚೂರಿನ ಒಂದು ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ನೌಶೀನ್ ಎಂಬ ಹುಡುಗಿಗೆ ಒಂದು ಕಾಳು ಶೇಂಗಾ ಬಾಯಿಗೆ ಬಿದ್ದರೂ ಗಂಟಲು ಬಾತು ಉಸಿರು ಕಟ್ಟುತ್ತಿತ್ತು. ಅಲ್ಲಿನ ವಾರ್ಡನ್ ಅನ್ನಪೂರ್ಣ ಮೇಡಂ ಹುಡುಕಿ ಹುಡುಕಿ ಇವನನ್ನು ಹಿಡಿದಿದ್ದರು. ಮೊದಲ ನಲವತ್ತು ಪ್ಯಾಕೆಟ್ ಸರಿಬಂದರೆ ವರ್ಷವಿಡೀ ಆರ್ಡರು. ಒಂದೇ ಕರಾರು: ಪುಡಿಗೆ ಹಾಕುವ ಸಾಮಾನು ಬದಲಾದರೆ ಮೊದಲು ಲೇಬಲ್ ಬದಲಾಗಬೇಕು.

ಆ ನಲವತ್ತು ಪ್ಯಾಕೆಟ್ಟಿನ ಡಬ್ಬವನ್ನು ಬೆಳಗಿನ ಬಸ್ಸಿನ ಕಂಡಕ್ಟರನಿಗೆ ಒಪ್ಪಿಸಿ ಬಂದು ಹುಲಗಪ್ಪ ಚಹಾ ಕುಡಿಯುತ್ತಿದ್ದ. ಆಗ ಶೆಡ್ಡಿನ ಮೂಲೆಯಲ್ಲಿ ಶೇಂಗಾ ಸಿಪ್ಪೆ ಕಂಡಿತು.

"ಯವ್ವಾ, ಇದೇನಿದು?"

"ನಿನ್ನಿ ಅಗಸಿ ಕಡಿಮಿ ಬಿತ್ತಪ್ಪಾ. ಮನಿಯಿಂದ ಶೇಂಗಾ ತಂದು ಹಿಡಿ ಹಿಡಿ ಹಾಕೀನಿ," ಎಂದಳು ಲೇಬಲ್ ಓದಲು ಬಾರದ ಹಂಪಮ್ಮ. "ಪಾಪ, ತಾಯಿ-ತಂದಿ ಬಿಟ್ಟಿರೋ ಹುಡುಗ್ಯಾರು. ಅವರ ಊಟದಾಗ ಕಂಜೂಸಿ ಮಾಡಬೇಕೇನು? ನನಗ ರೊಕ್ಕ ಬ್ಯಾಡ ಬಿಡು."

ಹುಲಗಪ್ಪ ಚಹಾ ಕೆಳಗಿಟ್ಟು ಶಾಲೆಗೆ ಫೋನು ಹಚ್ಚಿದ. ಮೇಡಂ ಫೋನು ಎತ್ತಲಿಲ್ಲ. ಅಷ್ಟರಲ್ಲಿ ಓಣಿಯೇ ಸೇರಿತು.

"ಹೋಗಿ ‘ಇಲ್ಲ’ ಅನ್ನೋದನ್ನ ಉಗುರಿಲೆ ಕೆರೆದು ಬಾ, ಬರೇ ಶೇಂಗಾ ಉಳೀತದ," ಎಂದ ಹೆಸರಿಗಷ್ಟೇ ಮೌನಿಯಾದ ಪಕ್ಕದ ಮನೆಯ ಮೌನಪ್ಪ.

ಎದುರು ಮನೆಯ ವಸೀಮ್ ಬೈಕ್ ತೆಗೆದ. ಹುಲಗಪ್ಪ ಹತ್ತಿದ. "ತಪ್ಪು ನಂದು, ನಾನೇ ಹೇಳ್ತೀನಿ," ಎಂದು ಹಂಪಮ್ಮನೂ ಸೆರಗು ಬಿಗಿದು ಹಿಂದೆ ಕುಳಿತಳು. ಮೂವರ ಭಾರಕ್ಕೆ ಬೈಕು ಮುದಿ ಎತ್ತಿನಂತೆ ನರಳಿತು. ಮಾನ್ವಿ ಮುಟ್ಟಿದಾಗ ಬಸ್ಸು ಆಗಷ್ಟೇ ಹೋಗಿತ್ತು. ಅಲ್ಲಿಂದ ಮುಂದೆ ಎರಡು ಸಲ ಎಮ್ಮೆಗಳು ಅಡ್ಡ ಬಂದವು, ಒಂದು ಸಲ ಹಂಪಮ್ಮನ ಚಪ್ಪಲಿ ಬಿತ್ತು. ಅಂತೂ ಕಲ್ಲೂರು ದಾಟಿದ ಮೇಲೆ ಬಸ್ಸಿಗೆ ಬೈಕು ಅಡ್ಡ ನಿಂತಿತು.

ಡಬ್ಬದಲ್ಲಿದ್ದದ್ದು ಮೂವತ್ತೊಂಬತ್ತು. ನಲವತ್ತನೆಯದು ಡ್ರೈವರನ ರೊಟ್ಟಿಯ ಮೇಲಿತ್ತು.

"ಅಯ್ಯೋ! ನಿಮಗೇನರ ಆಗಾಕತ್ತದೇನ್ರಿ?" ಎಂದು ಹುಲಗಪ್ಪ ಗಾಬರಿಯಾದ.

"ಹೌದ್ರಿ. ಇನ್ನೊಂದು ರೊಟ್ಟಿ ಬೇಕನಸಾಕತ್ತದ," ಎಂದ ಡ್ರೈವರ್.

ಬಸ್ಸಿನ ತುಂಬ ನಗು. "ಡಬ್ಬಿ ಕಳೀತು ಅಂತ ಫೋನ್ ಮಾಡ್ರಿ, ಮುಗೀತು," ಎಂದು ಪ್ರಯಾಣಿಕರು ಉಪದೇಶ ಕೊಟ್ಟರು. ಹುಲಗಪ್ಪನಿಗೂ ಆಸೆಯಾಯಿತು. ಆದರೆ ಇವತ್ತು ಸುಳ್ಳು ಹೇಳಿದರೆ ನಾಳೆ ತನ್ನ ಲೇಬಲ್ಲನ್ನು ತಾನೇ ನಂಬಲಾರೆ ಅನ್ನಿಸಿತು. ಡಬ್ಬ ಹೊತ್ತು ಹಂಪಮ್ಮನ ಜೊತೆ ಅದೇ ಬಸ್ಸಿನಲ್ಲಿ ರಾಯಚೂರಿಗೇ ಹೋದ.

ಮೇಡಂ ಮುಂದೆ ಇಬ್ಬರೂ ಎಲ್ಲವನ್ನೂ ಒಪ್ಪಿಕೊಂಡರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನೌಶೀನ್, "ಕಾಕಾ, ಒಳ್ಳೇ ಪುಡಿ ಬಂದ್ರ ನಾನೂ ಎಲ್ಲಾರ ಪಂಕ್ತಿಯೊಳಗ ಕುಂತು ಉಣ್ತೀನಿ. ಈಗ ನನಗ ಬ್ಯಾರೆ ಮೂಲಿ," ಎಂದಳು. ಹಂಪಮ್ಮ ಆ ಹುಡುಗಿಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು. "ಇನ್ನ ಸಾಯೋತನಕ ಹೇಳದ ಒಂದು ಕಾಳೂ ಹಾಕಂಗಿಲ್ಲ ನನ ಕೂಸಾ!"

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಗಂಟೆ ಹೊಡೆಸಿ ಮಕ್ಕಳನ್ನೆಲ್ಲ ಸೇರಿಸಿದರು. "ಹಿಡಿದು ಕೊಟ್ರೂ ತಪ್ಪು ಒಪ್ಪದವರನ್ನ ನೋಡೀನಿ. ಇವರು ತಪ್ಪನ್ನ ತಾವೇ ಹೊತ್ಕೊಂಡು ಬಂದಾರ!" ಚಪ್ಪಾಳೆಯೋ ಚಪ್ಪಾಳೆ. ಹುಲಗಪ್ಪನ ಹೆಗಲಿಗೆ ಶಾಲು ಬಿತ್ತು. ಜನ್ಮದಲ್ಲಿ ಮೊದಲ ಶಾಲು. ಎದೆ ಎರಡು ಅಂಗುಲ ಉಬ್ಬಿತು. ಅಲ್ಲೇ ಅವನನ್ನು ಶಾಲೆಯ ಆಹಾರ ತಪಾಸಣಾ ಕಮಿಟಿಯ ಮೆಂಬರ್ ಮಾಡಿದರು. ಓದದೆಯೇ ಸಹಿ ಹಾಕಿದ.

"ಮೇಡಂ, ಇನ್ನ ವರ್ಷದ ಆರ್ಡರು...?"

"ಕಮಿಟಿ ಮೆಂಬರು ಸಾಮಾನು ಮಾರಂಗಿಲ್ಲರೀ, ರೂಲ್ಸ್ ಅದ. ನಿಮ್ಮ ಮೊದಲನೇ ಕೆಲಸ ಏನಂದ್ರ, ಶೇಂಗಾ ಇಲ್ಲದ ಪುಡಿ ಮಾಡೋ ನಂಬಿಗಸ್ತರು ಒಬ್ಬರನ್ನ ಹುಡುಕಿ ಕೊಡ್ರಿ."

ಹುಲಗಪ್ಪ ಬಾಯಿ ತೆರೆಯುವ ಮೊದಲೇ ಹಂಪಮ್ಮ ಕಣ್ಣೀರು ಒರೆಸಿಕೊಂಡು ಮುಂದೆ ಬಂದಳು. "ಹುಡುಕೋದ್ಯಾಕ ಬೇ? ಈ ಕೂಸಿಗೆ ನಾ ಮಾಡ್ತೀನಿ. ಹುಲಗಪ್ಪನ ಶೆಡ್ಡೂ ಖಾಲಿನೇ ಅದ."

"ಏನ್ರಿ ಮೆಂಬರ್ರೇ," ಎಂದರು ಮೇಡಂ, "ಈ ಯಮ್ಮನ್ನ ನಂಬಬಹುದೇನ್ರಿ?"

ನೌಶೀನ್ ಅವನನ್ನೇ ನೋಡುತ್ತಿದ್ದಳು. ಹುಲಗಪ್ಪ ಜಾರುತ್ತಿದ್ದ ಶಾಲನ್ನು ಸರಿಮಾಡಿಕೊಂಡು ಹಂಪಮ್ಮನ ಆರ್ಡರಿಗೆ ಸಹಿ ಹಾಕಿದ. ಮಕ್ಕಳು ಮತ್ತೆ ಚಪ್ಪಾಳೆ ತಟ್ಟಿದರು.