ಗುಲಾಬಿ ನೋಡಲು ಹೊರಟ ಮಾಲಿ

ಆಗಸ್ಟಿನ್‌ನ ಪಿತ್ತ ನೆತ್ತಿಗೇರಲು ಒಂದೇ ಒಂದು ಪದ ಸಾಕಾಯಿತು. ಇಂಗ್ಲೆಂಡಿನ ವೀಸಾಕ್ಕೆಂದು ಕಂಪನಿ ಕೊಟ್ಟ ಪತ್ರದಲ್ಲಿ ಅವನ ಹೆಸರಿನ ಮುಂದೆ ‘ಮಾಲಿ’ ಎಂದು ಟೈಪಾಗಿತ್ತು.

ದುಬೈಯ ದೇರಾದ ಆ ಆಫೀಸಿನಲ್ಲಿ ಹದಿನೆಂಟು ವರ್ಷ ಫೈಲುಗಳ ಧೂಳು ಕುಡಿದವನು ಅವನು. ಅಲ್ ನಹ್ದಾದ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಾಲ್ಕು ಕುಂಡ ಗುಲಾಬಿ ಬೆಳೆಸುವ ಹುಚ್ಚಿತ್ತು, ಅಷ್ಟೆ. ಥಾರ್ನ್‌ವಿಕ್ ಹೌಸ್ ಎಂಬ ನಾನೂರು ವರ್ಷದ ಇಂಗ್ಲಿಷ್ ಬಂಗಲೆಯನ್ನೂ ಅದರ ಗುಲಾಬಿ ತೋಟವನ್ನೂ ತೋರಿಸುತ್ತೇನೆಂದು ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಹೆಂಡತಿ ಮಗ್ದಲೀನಳಿಗೆ ಮಾತು ಕೊಟ್ಟಿದ್ದ. ಅವಳಾಗಲೇ ಅಗಲ ಅಂಚಿನ ಹ್ಯಾಟು ತಂದು, ಅಡುಗೆಮನೆಯಲ್ಲೂ ಹಾಕಿಕೊಂಡು ಓಡಾಡುತ್ತಿದ್ದಳು. ಗುಲಾಬಿ ಅರಳುವುದು ಜೂನ್, ಜುಲೈಯಲ್ಲಿ. ವೀಸಾ ಕೇಂದ್ರಕ್ಕೆ ಹೋಗಬೇಕಾದದ್ದು ಇವತ್ತೇ, ಮಧ್ಯಾಹ್ನ ಎರಡಕ್ಕೆ. ಮಾಲಿಯೊಬ್ಬ ತೋಟ ‘ನೋಡಲು’ ಬರುತ್ತಾನೆಂದರೆ ಯಾವ ಬಿಳಿಯ ನಂಬುತ್ತಾನೆ? ಕೆಲಸ ಹುಡುಕಿಕೊಂಡು ಬರುತ್ತಿದ್ದಾನೆಂದು ಅರ್ಜಿಯನ್ನು ಮುಖಕ್ಕೆ ಎಸೆಯುತ್ತಾನೆ.

"ಇದೆಂತ ಸ್ವರ್ಣಲತಾ? ನನ್ನ ಕೈಯಲ್ಲಿ ನೀರಿನ ಪೈಪು ಯಾವಾಗ ನೋಡಿದ್ದಿ ನೀನು?" ಪತ್ರ ಟೈಪು ಮಾಡಿದವಳ ಮೇಜು ಗುದ್ದಿದ.

"ನನ್ನ ಮೇಲೆ ಯಾಕೆ ಸಿಟ್ಟು ಆಗಸ್ಟಿನ್ ಪರ್ಬುಗಳೇ? ನಿಮ್ಮ ಲೇಬರ್ ಕಾರ್ಡಲ್ಲಿ ಹಾಗೇ ಉಂಟಲ್ಲ. ಪತ್ರ ಅದಕ್ಕೆ ಸರಿಯಾಗ್ಬೇಕು."

ಅದು ಸುಳ್ಳಲ್ಲ. ಅವನು ಬಂದ ವರ್ಷ ಕಂಪನಿಯ ಹತ್ತಿರ ಗುಮಾಸ್ತರ ವೀಸಾ ಮುಗಿದು ಮಾಲಿಯದ್ದು ಮಾತ್ರ ಉಳಿದಿತ್ತು. ಸರಕಾರಿ ಕಾಗದಪತ್ರ ನೋಡಿಕೊಳ್ಳುವ ಕುಂಞಾಲಿ ಅದನ್ನೇ ಹೊಡೆಸಿ, "ಕಾಗದದಲ್ಲಿ ಎಂತ ಇದ್ರೆ ನಿಮಗೆಂತ?" ಎಂದಿದ್ದ. ಆಗಸ್ಟಿನ್ ಅವನ ಬಳಿಗೆ ಧಾವಿಸಿದ.

ಕುಂಞಾಲಿ ಸುಲೈಮಾನಿ ಚಹಾ ಹೀರುತ್ತಿದ್ದ. "ಬದಲು ಮಾಡ್ಲಿಕ್ಕೆ ಒಂದು ತಿಂಗಳು ಬೇಕು ಮಾರಾಯ್ರೆ. ನೀವು ಹಾಗೇ ಹೋಗಿ. ಒಂದು ಕತ್ತರಿ ಹಿಡ್ಕೊಂಡ್ರೆ ಟಿಕೆಟಿಲ್ಲದೆ ಒಳಗೆ ಬಿಡ್ತಾರೆ."

ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗಸ್ಟಿನ್‌ಗೆ ಮೈಯೆಲ್ಲ ಉರಿಯಿತು. "ಖಲಾಸ್!" ಎಂದು ಕಿರುಚಿ ಮ್ಯಾನೇಜರ್ ಹಾಪ್ಕಿನ್ಸ್ ಸಾಹೇಬರ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದ.

ಹದಿನೆಂಟು ವರ್ಷ ‘ಯೆಸ್ ಸರ್’ ದಾಟದಿದ್ದ ಅವನ ಇಂಗ್ಲಿಷು ಅಂದು ಒಡೆದ ನಲ್ಲಿಯಂತೆ ಹರಿಯಿತು. ಸಾಹೇಬರು ಹುಬ್ಬೇರಿಸಿ, ಬರೀ ಗುಲಾಬಿ ನೋಡಲು ಅಷ್ಟು ದೂರವೇ ಎಂದು ಕೇಳಿದರು. ಇವರೂ ನಂಬುವುದಿಲ್ಲವೇ! ಆಗಸ್ಟಿನ್ ರೊಚ್ಚಿಗೆದ್ದು ಎಲ್ಲವನ್ನೂ ಬಿಚ್ಚಿಟ್ಟ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಹಿಡಿದು ಸೂರ್ಯ ಹುಟ್ಟುವ ಮೊದಲೇ ಹಾಕುವುದು, ಬುಡಕ್ಕೆ ತೆಂಗಿನ ನಾರು ಹೊದೆಸುವುದು, ಇಂಥ ಬೆಂಕಿ ಬಿಸಿಲಲ್ಲೂ ಒಂದು ಗಿಡವೂ ಸಾಯದಿದ್ದುದು.

ಸಾಹೇಬರ ಕಣ್ಣು ಅಗಲವಾಯಿತು. ಕೂಡಲೇ ಹೊಸ ಪತ್ರ ಟೈಪು ಮಾಡಿಸಿ, ‘ಹಿರಿಯ ದಾಖಲೆ ಅಧಿಕಾರಿ’ ಎಂದು ಬರೆಸಿ ಸಹಿ ಹಾಕಿದರು. ಆಗಸ್ಟಿನ್‌ನ ಎದೆಯುಬ್ಬಿತು. ರಜೆಯ ತಾರೀಕು ಓದುವವರೆಗೆ.

"ಸರ್, ಇಲ್ಲಿ ಸೆಪ್ಟೆಂಬರ್ ಅಂತ ಆಗಿದೆ."

"ಹೌದು. ನಾಳೆ ನಾವು ಎರಡು ತಿಂಗಳು ಊರಿಗೆ ಹೊರಟಿದ್ದೇವೆ. ವಿಲ್ಲಾದ ಮಾಲಿ ಕೆಲಸ ಬಿಟ್ಟು ಹೋದ, ನನ್ನ ಹೆಂಡತಿ ತನ್ನ ಗುಲಾಬಿಗಳಿಗಾಗಿ ಅಳುತ್ತಿದ್ದಾಳೆ. ದೇವರೇ ನಿನ್ನನ್ನು ಕಳಿಸಿದ! ಸಂಜೆಯಿಂದಲೇ ಬಾ. ಅಂದ ಹಾಗೆ, ಥಾರ್ನ್‌ವಿಕ್ ನನ್ನ ಅಮ್ಮನ ಮನೆಯಿಂದ ಹತ್ತೇ ನಿಮಿಷ. ನಿನಗೆ ಫೋಟೊ ಕಳಿಸುತ್ತೇನೆ."

ಪಾಸ್‌ಪೋರ್ಟು ಇನ್ನೂ ಕಂಪನಿಯ ಕಪಾಟಿನಲ್ಲಿತ್ತು, ಸಾಹೇಬರು ಹೇಳದೆ ಅದು ಹೊರಗೆ ಬರುವಂತಿರಲಿಲ್ಲ. ಆಗಸ್ಟಿನ್ ಪತ್ರ ಮಡಚಿ ಕಿಸೆಗಿಟ್ಟು ಮನೆಗೆ ಫೋನು ಮಾಡಿದ.

ಸುದ್ದಿ ಕೇಳಿ ಮಗ್ದಲೀನ್, "ಸೆಪ್ಟೆಂಬರಲ್ಲಿ ಎಂತ ನೋಡ್ಲಿಕ್ಕೆ, ಮುಳ್ಳಾ? ಆ ಹ್ಯಾಟು ನೀವೇ ಹಾಕ್ಕೊಳ್ಳಿ!" ಎಂದು ಫೋನು ಕುಕ್ಕಿದಳು.

ಸಂಜೆ ವಿಲ್ಲಾಗಳ ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ. ಆಗಸ್ಟಿನ್ ಅಷ್ಟಾದರೂ ಮರ್ಯಾದೆ ಉಳಿಯಲೆಂದು ಹೊಸ ಪತ್ರವನ್ನು ಅವನ ಮೂಗಿಗೆ ಹಿಡಿದ. ಕಾವಲುಗಾರ ಓದಿ ತಲೆಯಾಡಿಸಿದ.

"ಆಫೀಸರ್ ಕಾ ನಾಮ್ ಮಾಫಿ, ಪಟ್ಟಿಯಲ್ಲಿ ಇಲ್ಲ. ಸಾಹೇಬರು ಮಾಲಿ ಬರ್ತಾನೆ ಅಂತ ಬರೆಸಿದ್ದಾರೆ. ಮಾಲಿ ಆದ್ರೆ ಮಾತ್ರ ಒಳಗೆ."

ಆಗಸ್ಟಿನ್ ಹಲ್ಲು ಕಡಿಯುತ್ತ ಲೇಬರ್ ಕಾರ್ಡು ತೆಗೆದು ತೋರಿಸಿದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ಕಾರ್ಡು ಸುಳ್ಳು ಹೇಳಿರಲಿಲ್ಲ.

"ಹಾಗೆ ಮೊದಲೇ ಹೇಳ್ಬಾರ್ದಾ?" ಎಂದು ಕಾವಲುಗಾರ ಗೇಟು ತೆರೆದ. "ನೀರಿನ ಪೈಪು ಎಡಗಡೆ ಇದೆ."