ಐದು ನಕ್ಷತ್ರದ ಹುಡುಗನ ಮೆರವಣಿಗೆ

ಆ ಗುರುವಾರ ಬೆಳಿಗ್ಗೆ ಆರ್ವಿಲ್ ಟ್ಯಾಕೆಟ್ ಬಾಯಿ ಮುಚ್ಚಿಕೊಂಡು ತಿಂಡಿ ತಿಂದು ಎದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆದರೆ ಬನ್ನಿನ ಮೇಲೆ ಸುರಿದ ಗ್ರೇವಿ ಬಿಸಿಯಾಗಿತ್ತು, ತಿಂಡಿ ಅಂಗಡಿಯಲ್ಲಿ ಜನ ತುಂಬಿದ್ದರು, ಮಾತು ಬಾಸ್ಕೆಟ್‌ಬಾಲಿನ ಕಡೆ ತಿರುಗಿತ್ತು.

"ಗೆಲ್ಲೋದಕ್ಕೆ ಫೈವ್ ಸ್ಟಾರ್ ಹುಡುಗ್ರೇ ಬೇಕು ಅಂತ ಯಾರು ಹೇಳಿದ್ದು?" ಎಂದ ಆರ್ವಿಲ್. "ಹೋಟ್ಲಿಗೆ ಕೊಟ್ಟ ಹಾಗೆ ಹದಿನೇಳು ವರ್ಷದ ಮಕ್ಕಳಿಗೆ ಸ್ಟಾರ್ ಕೊಡ್ತಾರಂತೆ. ಒಳಗೆ ತಿಗಣೆ ಇದೆಯೋ ಇಲ್ವೋ ಯಾರಿಗೆ ಗೊತ್ತು?"

ಎಲ್ಲರೂ ನಕ್ಕರು. ಆದರೆ ಹಾಗೆಂದವನು ಸಾಮಾನ್ಯ ಗಿರಾಕಿಯಲ್ಲ. ಬ್ರಿಂಡಲ್ ಫೋರ್ಕ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಹುಡುಗರನ್ನು ಹುಡುಕಿ ತರುವ ಸಹಾಯಕ ಕೋಚ್. ಹತ್ತೊಂಬತ್ತು ವರ್ಷಗಳಿಂದ ಅದೇ ಕೆಲಸ. ತಂಡ ಸತತವಾಗಿ ಒಂಬತ್ತು ಪಂದ್ಯ ಸೋತಿತ್ತು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಮಾತು ಉಪ್ಪು ಖಾರ ಹಚ್ಚಿಕೊಂಡು ಮುಖ್ಯ ಕೋಚ್ ಗ್ರೇಡಿ ಸ್ಪರ್ಲಾಕ್‌ನ ಕಿವಿ ಮುಟ್ಟಿತು.

"ನಾಳೆ ಯಾರು ಬರ್ತಿದಾನೆ, ಆರ್ವಿಲ್?"

"ಟ್ರವಾನ್ ಬಟೀಸ್ಟ್, ಸರ್. ಲೂಸಿಯಾನಾದವನು."

"ದೇಶದ ಶಾಲಾ ಆಟಗಾರರ ಪಟ್ಟೀಲಿ ಎಷ್ಟನೆಯವನು?"

"ಹದಿನಾಲ್ಕು."

"ನಮ್ಮೂರಿನ ಹೆಸರು ಯಾವುದಾದ್ರೂ ಪಟ್ಟೀಲಿ ಇದೆಯಾ?"

ಕೆಂಟಕಿ ರಾಜ್ಯದ ಹಾಳು ರಸ್ತೆಗಳ ಪಟ್ಟಿಯಲ್ಲಿ ಇತ್ತು.

"ಆ ಹುಡುಗ ನಾಳೆ ಸಂಜೆಯೊಳಗೆ ಇಲ್ಲಿಗೇ ಸೇರ್ತೀನಿ ಅಂತ ಮಾತು ಕೊಡ್ಬೇಕು. ಇಲ್ದಿದ್ರೆ ಸೋಮವಾರ ಬಂದು ನಿನ್ನ ಮೇಜು ಖಾಲಿ ಮಾಡು. ನಿನ್ನ ಬಡಾಯಿ ಗ್ರೇವಿ ಅಂಗಡೀಲೇ ಕೊಚ್ಚಿಕೋ."

ಆರ್ವಿಲ್‌ಗೆ ಐವತ್ತಾರು. ಕೆಲಸ ಹೋದರೆ ಅವನೇನೋ ಎಲ್ಲಾದರೂ ಬಾಗಿಲು ಕಾಯುತ್ತಿದ್ದ. ಆದರೆ ಹೆಂಡತಿ ಲೊರೀನ್‌ಳ ಮೂತ್ರಪಿಂಡಗಳು ಎರಡು ವರ್ಷದ ಹಿಂದೆಯೇ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಅದರ ವಿಮೆ ಕಾಲೇಜಿನ ಕೆಲಸಕ್ಕೆ ಅಂಟಿಕೊಂಡಿತ್ತು. ಮುಂದಿನದನ್ನು ಅವನು ಯಾವತ್ತೂ ಪೂರ್ತಿ ಯೋಚಿಸುತ್ತಿರಲಿಲ್ಲ. ಅರ್ಧಕ್ಕೇ ಎದ್ದುಹೋಗಿ ತಟ್ಟೆ ತೊಳೆಯುತ್ತಿದ್ದ.

ಶನಿವಾರ ಬೆಳಿಗ್ಗೆ ಕಾಲೇಜಿನಿಂದ ವಿಮಾನ ನಿಲ್ದಾಣಕ್ಕೆ ಹೊರಟಾಗ ಹಾಯ್ಟ್ ಕಾಡಿಲ್ ದಾರಿಗೆ ಅಡ್ಡ ಬಂದು ನಿಂತ. ಊರಿನಲ್ಲಿ ಯಾರೇ ಸತ್ತರೂ ಹಾಯ್ಟ್‌ನ ಕೈಯಿಂದಲೇ ಹೋಗಬೇಕು. ಅಂತ್ಯಕ್ರಿಯೆಯ ವ್ಯವಹಾರ ಅವನದೊಂದೇ. ತಂಡದ ಪಂದ್ಯಗಳಿಗೆ ಮೊದಲ ಸಾಲಿನ ಕುರ್ಚಿಯೂ ಅವನದೇ.

"ರಾಜಕುಮಾರನನ್ನ ಈ ಡಬ್ಬೀಲಿ ಕರ್ಕೊಂಡು ಬರ್ತೀಯಾ? ಬಾಗಿಲಿಗೆ ಹಗ್ಗ ಕಟ್ಟಿದೀಯಲ್ಲೋ! ನನ್ನ ಕಪ್ಪು ಕಾರು ತಗೊಂಡು ಹೋಗು."

"ಅದು ಹೆಣದ ಗಾಡಿ ಅಲ್ವೇನೋ?"

"ಥೂ! ಹೆಣದ ಗಾಡಿ ಬೇರೆ. ಇದು ಅದರ ಮುಂದೆ ಹೋಗೋದು. ಇದರಲ್ಲಿ ಕೂತೋರೆಲ್ಲ ಬದುಕಿರೋರೇ. ಹನ್ನೆರಡು ಗಂಟೆಗೆ ಚರ್ಚಿನ ಹತ್ರ ತಂದು ನಿಲ್ಲಿಸು, ಅಷ್ಟೇ. ಒಂದಕ್ಕೆ ಓಪಲ್ ರ್ಯಾಟ್ಲಿಫ್ ಅಜ್ಜಿ ಮಣ್ಣು."

ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಮೂತಿಯ ಮೇಲೆ ಶವಯಾತ್ರೆಯ ಗುರುತಾಗಿ ಪುಟ್ಟದೊಂದು ನೇರಳೆ ಬಾವುಟ. ಕಾಲೇಜಿನ ಬಣ್ಣವೂ ನೇರಳೆಯೇ. ಆರ್ವಿಲ್‌ಗೆ ಇದು ಶುಭ ಲಕ್ಷಣ ಎನಿಸಿತು.

ವಿಮಾನ ಒಂದೂವರೆ ಗಂಟೆ ತಡವಾಯಿತು.

ಟ್ರವಾನ್ ಆರೂಮುಕ್ಕಾಲು ಅಡಿಯ ಹುಡುಗ; ಕಾರಿನೊಳಕ್ಕೆ ಮಡಚಿದ ಏಣಿಯಂತೆ ಸೇರಿಕೊಂಡ. ಜೊತೆಗೆ ಅವನ ಸೋದರಮಾವ ರೂಫಸ್, ಕಪ್ಪು ಕನ್ನಡಕದ ತೆಳ್ಳನೆಯ ಮನುಷ್ಯ. ಹುಡುಗನ ಶಾಲೆಯ ಕೋಚೂ ಅವನೇ. ಆರ್ವಿಲ್ ಹಾಯ್ಟ್‌ಗೆ ಫೋನು ಮಾಡಿದ, ಮತ್ತೆ ಮಾಡಿದ. ಸ್ಮಶಾನದ ಗುಡ್ಡಕ್ಕೆ ಶವಪೆಟ್ಟಿಗೆ ಸಾಗಿಸುವವನ ಜೇಬಿನಲ್ಲಿ ಫೋನು ಎಷ್ಟು ಬಡಿದುಕೊಂಡರೇನು?

ಹೆದ್ದಾರಿ ಬಿಟ್ಟು ಗುಡ್ಡದ ರಸ್ತೆಗೆ ಇಳಿದದ್ದೇ ತಡ, ಎದುರಿಗೆ ಬರುತ್ತಿದ್ದ ಗಾಡಿಗಳೆಲ್ಲ ಒಂದೊಂದಾಗಿ ಪಕ್ಕಕ್ಕೆ ಸರಿದು ನಿಂತವು. ಕಲ್ಲಿದ್ದಲ ಲಾರಿಯವನೊಬ್ಬ ಇಳಿದು ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಟ್ರ್ಯಾಕ್ಟರಿನ ಮೇಲಿದ್ದ ಮುದುಕ ತಲೆ ಬಾಗಿಸಿದ.

"ಇವರೆಲ್ಲ ಯಾಕೆ ನಿಲ್ತಿದಾರೆ?" ಎಂದ ಟ್ರವಾನ್.

"ಗೌರವ ಕಣಪ್ಪ," ಎಂದ ಆರ್ವಿಲ್. ಅದು ಸುಳ್ಳೇನೂ ಆಗಿರಲಿಲ್ಲ, ಸತ್ತವರಿಗೆ ಅಲ್ಲಿಯವರು ಕೊಡುವ ಗೌರವ.

"ನಾನು ಬರೋದು ಇವರಿಗೆಲ್ಲ ಗೊತ್ತಾ?"

"ಇದು ಚಿಕ್ಕ ಊರು. ಇಲ್ಲಿ ಯಾರು ಬಂದ್ರೂ ಗೊತ್ತಾಗುತ್ತೆ, ಯಾರು ಹೋದ್ರೂ ಗೊತ್ತಾಗುತ್ತೆ."

ಹುಡುಗ ಕಿಟಕಿಯಾಚೆ ಕೈಬೀಸಿದ. ಟ್ರ್ಯಾಕ್ಟರಿನ ಮುದುಕ ಗಾಬರಿಯಾದ.

ರೂಫಸ್ ಅಲ್ಲಿಯವರೆಗೂ ಒಂದು ಮಾತೂ ಆಡಿರಲಿಲ್ಲ. ಈಗ ಕೇಳಿದ: "ನಕ್ಷತ್ರದ ಹುಡುಗ್ರು ಇಲ್ದೆ ನೀವು ಯಾವತ್ತಾದ್ರೂ ಗೆದ್ದಿದೀರಾ?"

ಆರ್ವಿಲ್‌ಗೆ ತಡೆದುಕೊಳ್ಳಲಾಗಲಿಲ್ಲ. "ಹನ್ನೊಂದು ವರ್ಷದ ಹಿಂದೆ ಲೀಗ್ ಗೆದ್ವಿ, ಸರ್. ಹನ್ನೆರಡು ಹುಡುಗ್ರು, ಒಬ್ಬನ ಹೆಸರೂ ಯಾವ ಪಟ್ಟೀಲೂ ಇರ್ಲಿಲ್ಲ. ಗಣಿ ಕೆಲಸದವರ ಮಕ್ಕಳು. ನಾಲ್ಕು ವರ್ಷ ಒಟ್ಟಿಗೆ ಆಡಿದ್ರು. ಒಬ್ಬ ಕೆಮ್ಮಿದ್ರೆ ಇನ್ನೊಬ್ಬನಿಗೆ ಚೆಂಡು ಎಲ್ಲಿ ಬರುತ್ತೆ ಅಂತ ಗೊತ್ತಾಗ್ತಿತ್ತು."

"ಹಾಗಾದ್ರೆ ನಮ್ಮನ್ನ ಕರ್ಕೊಂಡು ಹೋಗೋಕೆ ಯಾಕೆ ಬಂದ್ರಿ?"

ಆರ್ವಿಲ್ ಗೇರು ಬದಲಾಯಿಸುವವನಂತೆ ಕೈಯಾಡಿಸಿದ. ಆ ಕಾರಿನಲ್ಲಿ ಗೇರು ಬದಲಾಯಿಸುವ ಅಗತ್ಯವೇ ಇರಲಿಲ್ಲ.

ಅಷ್ಟರಲ್ಲಿ ಚರ್ಚು ಬಂತು. ರಸ್ತೆ ಕೆಸರಾಗಿದ್ದರಿಂದ ಹಾಯ್ಟ್ ಪೆಟ್ಟಿಗೆಯನ್ನು ಮೊದಲೇ ಗುಡ್ಡಕ್ಕೆ ಒಯ್ದಿದ್ದ. ನೆಂಟರಿಗೆಲ್ಲ ಒಂದೇ ಮಾತು ಹೇಳಿಹೋಗಿದ್ದ: ಕಪ್ಪು ಕಾರು ಬಂದ ಕೂಡಲೇ ಅದರ ಹಿಂದೆ ಬನ್ನಿ. ಅವರು ಗಾಡಿಗಳ ದೀಪ ಹಾಕಿಕೊಂಡು ಮುಕ್ಕಾಲು ಗಂಟೆಯಿಂದ ಕಾದಿದ್ದರು. ಕಪ್ಪು ಕಾರು ಬಂತು, ಹುಡುಗನನ್ನು ಮೊದಲು ಇಳಿಸೋಣವೆಂದು ನಿಲ್ಲದೆ ಮುಂದೆ ಹೋಯಿತು. ಮೂವತ್ತೆಂಟು ಗಾಡಿಗಳು ಅದರ ಹಿಂದೆ ಹೊರಟವು.

ಆರ್ವಿಲ್ ಕನ್ನಡಿಯಲ್ಲಿ ನೋಡಿದ. ವೇಗ ಹೆಚ್ಚಿಸಿದ. ಅವರೂ ಹೆಚ್ಚಿಸಿದರು. ಹಿಂದಿನ ಓಣಿಗೆ ನುಗ್ಗಿದ. ಮೂವತ್ತೆಂಟೂ ಓಣಿಗೆ ನುಗ್ಗಿದವು.

"ಮಾವ, ನೋಡು! ಎಲ್ಲ ನನ್ನ ಹಿಂದೆ!" ಎಂದ ಟ್ರವಾನ್. ಬೇರೆ ಕಾಲೇಜುಗಳಲ್ಲಿ ಅವನಿಗೆ ಬೂಟು ತೋರಿಸಿದ್ದರು, ದೊಡ್ಡ ದೊಡ್ಡ ಕೋಣೆ ತೋರಿಸಿದ್ದರು. ಯಾರೂ ಮೆರವಣಿಗೆ ಮಾಡಿರಲಿಲ್ಲ.

ಕ್ರೀಡಾಂಗಣದ ಮುಂದೆ ಕಾರು ನಿಂತಾಗ ಕಪ್ಪು ಬಟ್ಟೆಯ ಎಂಬತ್ತು ಜನ ಇಳಿದರು. ಟ್ರವಾನ್ ಮತ್ತು ರೂಫಸ್ ಒಳಗೆ ಹೋದ ಮೇಲೆ ಓಪಲ್ ಅಜ್ಜಿಯ ಮಗಳು ವರ್ನಾ ಕರವಸ್ತ್ರ ಹಿಡಿದು ಹತ್ತಿರ ಬಂದಳು.

"ಆರ್ವಿಲ್, ಇಲ್ಲೆಲ್ಲಿ ಗುಂಡಿ ತೋಡಿದಾರೆ?"

"ವರ್ನಾ ಅಕ್ಕ, ತಪ್ಪಾಯ್ತು. ಕಾಲು ಗಂಟೆ ಕೂತ್ಕೊಳಿ. ಆಮೇಲೆ ನಾನೇ ಗುಡ್ಡಕ್ಕೆ ಕರ್ಕೊಂಡು ಹೋಗ್ತೀನಿ. ನಿಮ್ಮಮ್ಮ ನಲವತ್ತು ವರ್ಷ ಇಲ್ಲೇ ಕೂತು ಆಟ ನೋಡಿದೋರಲ್ವಾ?"

ವರ್ನಾ ಯೋಚಿಸಿದಳು. "ಅಮ್ಮ ಆಗಿದ್ರೆ ಮೊದಲು ಆಟ ನೋಡಿ ಆಮೇಲೆ ಮಣ್ಣಿಗೆ ಹೋಗ್ತಿದ್ಲು," ಎಂದು ಒಳನಡೆದಳು. ಉಳಿದವರೂ ಹಿಂದೆ ಹೋದರು. ಒಳಗೆ ಹೇಗೂ ಬೆಚ್ಚಗಿತ್ತು.

ತಂಡದ ಹುಡುಗರೊಂದಿಗೆ ಟ್ರವಾನ್ ಸುಮ್ಮನೆ ಒಂದು ಆಟವಾಡಲಿ ಎಂದು ಸ್ಪರ್ಲಾಕ್ ಮೊದಲೇ ಗೊತ್ತು ಮಾಡಿದ್ದ. ಅವನೂ ರೂಫಸ್ಸೂ ಮೇಲಿನ ಸಾಲಿನಲ್ಲಿ ಕುಳಿತರು.

ಟ್ರವಾನ್‌ಗೆ ಎದುರಾಗಿ ನಿಂತವನು ಡೆಲ್ಬರ್ಟ್ ಮುಲಿನ್ಸ್. ಕೆಂಪು ಕೂದಲು, ಕುಳ್ಳ, ಮುಖದ ತುಂಬ ಚುಕ್ಕೆ. ಮೂರು ವರ್ಷದ ಹಿಂದೆ ಪೆಟ್ರೋಲ್ ಬಂಕಿನ ಹಿಂದಿನ ಸಿಮೆಂಟು ನೆಲದ ಮೇಲೆ ಒಬ್ಬನೇ ಚೆಂಡು ಪುಟಿಸುತ್ತಿದ್ದವನನ್ನು ಆರ್ವಿಲ್ ಕಂಡು ಕರೆತಂದಿದ್ದ. ಅವನಿಗೆ ಯಾರೂ ಅರ್ಧ ನಕ್ಷತ್ರವನ್ನೂ ಕೊಟ್ಟಿರಲಿಲ್ಲ.

ಡೆಲ್ಬರ್ಟ್ ಮೊದಲನೇ ಸಲವೇ ಟ್ರವಾನ್‌ನ ಕೈಯಿಂದ ಚೆಂಡು ಕಿತ್ತುಕೊಂಡ. ಅಕಸ್ಮಾತ್ ಎಂದುಕೊಂಡರು ಎಲ್ಲರೂ. ಎರಡನೇ ಸಲವೂ ಕಿತ್ತ. ಮೂರನೇ ಸಲ ಆ ಎತ್ತರದ ಹುಡುಗ ತಿರುಗುವುದರೊಳಗೆ ಚೆಂಡು ಆಚೆ ಬುಟ್ಟಿಯಲ್ಲಿತ್ತು. ದುಃಖದಲ್ಲಿದ್ದ ಎಂಬತ್ತು ಜನ ಎದ್ದು ಚಪ್ಪಾಳೆ ಹೊಡೆದರು. ವರ್ನಾ ಕರವಸ್ತ್ರ ಬೀಸಿದಳು.

ಟ್ರವಾನ್‌ನ ಮುಖ ಕಪ್ಪಿಟ್ಟಿತು. ಮೇಲಿನ ಸಾಲಿನಿಂದ ಸ್ಪರ್ಲಾಕ್ ಆರ್ವಿಲ್‌ನನ್ನು ನೋಡಿದ ನೋಟಕ್ಕೆ ಹಾಲು ಒಡೆದುಹೋಗುತ್ತಿತ್ತು.

ಹತ್ತೊಂಬತ್ತು ವರ್ಷ ಆರ್ವಿಲ್ ಹೇಳಿಕೊಂಡು ಬಂದದ್ದು ಕಣ್ಣೆದುರಿಗೇ ನಿಜವಾಗುತ್ತಿತ್ತು. ಇನ್ನೊಂದು ದಿನವಾಗಿದ್ದರೆ ಅವನು ಕುಣಿಯುತ್ತಿದ್ದ. ಈಗ ನೀರು ಕುಡಿಸುವ ನೆಪದಲ್ಲಿ ಡೆಲ್ಬರ್ಟ್‌ನನ್ನು ಬದಿಗೆ ಕರೆದ.

"ಬಿಟ್ಟುಕೊಡೋ."

"ಏನು, ಕೋಚ್?"

"ಅವನಿಗೆ ಚೆಂಡು ಬಿಟ್ಟುಕೊಡು. ಅವನು ಮಾತು ಕೊಡ್ದೆ ಹೋದ್ರೆ ಸೋಮವಾರ ನನ್ನ ಕೆಲಸ ಇಲ್ಲ. ಲೊರೀನ್ ವಿಮೆ..."

ಡೆಲ್ಬರ್ಟ್ ಪ್ರತಿ ಭಾನುವಾರ ಲೊರೀನ್‌ಳ ಕೈಯ ಅಡುಗೆ ಉಂಡವನು. ಅವನು ಆರ್ವಿಲ್‌ನ ಮುಖವನ್ನೇ ನೋಡಿದ. "ನೀವೇ ಹೇಳ್ತಿದೀರಾ?" ಎಂದಷ್ಟೇ ಕೇಳಿ ಅಂಗಳಕ್ಕೆ ಮರಳಿದ.

ಆಮೇಲಿನ ಹತ್ತು ನಿಮಿಷ ಟ್ರವಾನ್ ಆಡಿದ್ದೇ ಆಟ. ಡೆಲ್ಬರ್ಟ್ ಎಡವಿದ, ಜಾರಿದ, ತಡವಾಗಿ ತಿರುಗಿದ. ಟ್ರವಾನ್ ಹಾರಿ ಚೆಂಡನ್ನು ಬುಟ್ಟಿಗೆ ಗುದ್ದಿದಾಗ ಹಲಗೆ ಗಡಗಡ ನಡುಗಿತು. ಸ್ಪರ್ಲಾಕ್ ನಕ್ಕ. ಕ್ರಿಸ್ಮಸ್ ಆದಮೇಲೆ ಅವನು ನಕ್ಕದ್ದು ಅದೇ ಮೊದಲು.

ಆಗ ಬಾಗಿಲು ದಡಾರನೆ ತೆರೆಯಿತು. ಮೊಣಕಾಲುದ್ದ ಕೆಸರು ಮೆತ್ತಿಕೊಂಡ ಹಾಯ್ಟ್ ನಿಂತಿದ್ದ.

"ಲೇ ಆರ್ವಿಲ್! ಗುಡ್ಡದ ಮೇಲೆ ಓಪಲ್ ಅಜ್ಜಿ ಒಬ್ಬಳೇ ಕಾಯ್ತಿದಾಳೆ! ಪಾದ್ರಿಗೆ ಚಳಿಜ್ವರ ಬರೋ ಹಾಗಾಗಿದೆ! ಹೆಣ ಅಲ್ಲಿ, ಜನ ಇಲ್ಲಿ!"

ಟ್ರವಾನ್ ಚೆಂಡು ಹಿಡಿದುಕೊಂಡೇ ಕಪ್ಪು ಬಟ್ಟೆಗಳನ್ನು ಒಂದೊಂದಾಗಿ ನೋಡಿದ.

"ನೀವೆಲ್ಲ ನನಗೋಸ್ಕರ ಬಂದೋರಲ್ವಾ?"

"ನಮ್ಮಮ್ಮನ ಮಣ್ಣಿಗೆ ಬಂದೋರು ಕಣಪ್ಪ," ಎಂದಳು ವರ್ನಾ. "ಆದ್ರೆ ನೀನು ಚೆನ್ನಾಗಿ ಆಡಿದೆ."

ಎಲ್ಲ ಮುಗಿಯಿತು ಎಂದು ಆರ್ವಿಲ್ ಬೆಂಚಿನ ಮೇಲೆ ಕುಸಿದ. ಆದರೆ ಟ್ರವಾನ್ ಚೆಂಡನ್ನು ಕೆಳಗಿಟ್ಟ. "ಹಾಗಾದ್ರೆ ಹೊರಡಿ. ಅಜ್ಜಿ ಕಾಯ್ತಿದಾರಲ್ಲ," ಎಂದ. ಅವನೇ ಗುಡ್ಡ ಹತ್ತಿದ. ಕೆಸರಿನಲ್ಲಿ ಸಿಕ್ಕಿಕೊಂಡ ಗಾಡಿಯಿಂದ ಪೆಟ್ಟಿಗೆ ಇಳಿಸಲು ಹೆಗಲು ಕೊಟ್ಟ. ಅವನ ಎತ್ತರಕ್ಕೆ ಪೆಟ್ಟಿಗೆ ಒಂದೇ ಕಡೆ ವಾಲಿ, ಓಪಲ್ ಅಜ್ಜಿ ಕೊನೆಯ ಹತ್ತು ಮಾರು ಓರೆಯಾಗಿಯೇ ಸಾಗಿದಳು. ಮಣ್ಣು ಮುಗಿದ ಮೇಲೆ ವರ್ನಾ ಅವನಿಗೊಂದು ಸೇಬಿನ ಸಿಹಿ ಪೈ ಕೊಟ್ಟಳು. ಅವನು ಅಲ್ಲೇ ನಿಂತು ಪೂರ್ತಿ ತಿಂದು, "ಮಾವ, ನಾನು ಇಲ್ಲೇ ಸೇರ್ತೀನಿ," ಎಂದ.

ನಾಲ್ಕು ಗಂಟೆಗೆ ಸ್ಪರ್ಲಾಕ್‌ನ ಕೋಣೆಯಿಂದ ಆರ್ವಿಲ್‌ಗೆ ಕರೆ ಬಂತು. ಅವನು ತಲೆ ಬಾಚಿಕೊಂಡು ಹೋದ. ರೂಫಸ್ ಕಿಟಕಿಯ ಬಳಿ ಕುಳಿತಿದ್ದ.

"ಒಳ್ಳೆ ಕೆಲಸ ಮಾಡ್ದೆ," ಎಂದ ಸ್ಪರ್ಲಾಕ್. "ಒಂದೇ ತೊಂದರೆ. ಕಾಲೇಜಿನ ಖರ್ಚಲ್ಲಿ ಓದೋ ಜಾಗ ಎಲ್ಲ ಭರ್ತಿಯಾಗಿದೆ. ಒಬ್ಬನನ್ನ ತೆಗೀಬೇಕು. ಆ ಡೆಲ್ಬರ್ಟ್ ಇವತ್ತು ಎಷ್ಟು ಕೆಟ್ಟದಾಗಿ ಆಡಿದ ನೋಡಿದ್ಯಲ್ಲ? ಅವನನ್ನೇ ಬಿಡೋಣ."

ಆರ್ವಿಲ್ ಬಾಗಿಲ ಹಿಡಿ ಹಿಡಿದುಕೊಂಡ. ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ್ದರೆ ಸಾಕಿತ್ತು. ಕೆಲಸ ಉಳಿದಿತ್ತು, ವಿಮೆ ಉಳಿದಿತ್ತು.

"ಅವನು ಸೋಲಲಿಲ್ಲ, ಸರ್. ನಾನೇ ಬಿಟ್ಟುಕೊಡು ಅಂದೆ."

ಸ್ಪರ್ಲಾಕ್ ರೂಫಸ್‌ನ ಕಡೆ ತಿರುಗಿದ. ರೂಫಸ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಆಟ ಕಲಿಸ್ತಿದೀನಿ. ಕಾಲು ಜಾರಿ ಬೀಳೋದಕ್ಕೂ ಬೇಕಂತ ಬೀಳೋದಕ್ಕೂ ವ್ಯತ್ಯಾಸ ಗೊತ್ತಾಗಲ್ವಾ? ಇವರೇ ಒಪ್ಕೋತಾರಾ ಅಂತ ನೋಡ್ತಿದ್ದೆ. ಒಪ್ಕೊಂಡ್ರು, ಸಂತೋಷ. ಆದ್ರೆ ತನ್ನ ಹುಡುಗನಿಗೇ ಸೋಲು ಅನ್ನೋರ ಕೈಗೆ ನನ್ನ ತಂಗಿ ಮಗನನ್ನ ಕೊಡೋದಿಲ್ಲ. ಇವರು ಇರಬಾರದು."

"ಈಗ ಇವರ ಜಾಗಕ್ಕೆ ನಾನು ಯಾರನ್ನ ಹುಡುಕಲಿ?" ಎಂದ ಸ್ಪರ್ಲಾಕ್.

ರೂಫಸ್ ಕನ್ನಡಕ ಹಾಕಿಕೊಂಡ. "ನಾನು ಖಾಲಿ ಇದೀನಿ."

ಟ್ರವಾನ್‌ಗೆ ಬಾಗಿಲು ತೆರೆದಿದ್ದ ಏಳು ದೊಡ್ಡ ಕಾಲೇಜುಗಳೂ ಹುಡುಗನ ಜೊತೆ ಮಾವನಿಗೂ ಕೆಲಸ ಕೊಡುವ ಮಾತಿಗೆ ಒಪ್ಪಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಸ್ಪರ್ಲಾಕ್ ಒಪ್ಪಲು ಅರ್ಧ ನಿಮಿಷವೂ ತೆಗೆದುಕೊಳ್ಳಲಿಲ್ಲ.

"ಡೆಲ್ಬರ್ಟ್?" ಎಂದ ಆರ್ವಿಲ್. "ಅವನನ್ನಾದ್ರೂ ಉಳಿಸ್ಕೊಳ್ಳಿ."

"ಜಾಗ ಒಂದು, ಹುಡುಗ್ರು ಇಬ್ರು. ನಾನೇನು ಮಾಡ್ಲಿ, ಆರ್ವಿಲ್? ಸೋಮವಾರ ನಾನೇ ಅವನಿಗೆ ಹೇಳ್ತೀನಿ. ಅಲ್ಲೀವರೆಗೂ ನೀನು ಬಾಯಿ ಬಿಡಬೇಡ."

ಆರ್ವಿಲ್ ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಅವನ ಹಳೆಯ ಕಾರಿಗೆ ಒರಗಿಕೊಂಡು ಡೆಲ್ಬರ್ಟ್ ಕಾಯುತ್ತಿದ್ದ. ಮೊಣಕೈ ತರಚಿತ್ತು.

"ಏನಾಯ್ತು ಕೋಚ್? ಸೇರ್ತೀನಿ ಅಂದ್ನಾ?"

"ಅಂದ."

"ಅಬ್ಬಾ!" ಡೆಲ್ಬರ್ಟ್ ಉಸಿರು ಬಿಟ್ಟ. "ಬೀಳೋದೂ ಕಷ್ಟದ ಕೆಲಸವೇ ಕೋಚ್. ಮೊಣಕೈ ಉರೀತಿದೆ. ಹಾಗಾದ್ರೆ ನಿಮ್ಮ ಕೆಲಸ ಉಳೀತು?"

ಆರ್ವಿಲ್ ಬೀಗದ ಕೈಗಾಗಿ ಜೇಬು ತಡಕಾಡಿದ. ಅದು ಕೈಯಲ್ಲೇ ಇತ್ತು.

"ಉಳೀತು," ಎಂದ.

"ಅವನಿಗೆ ಎಡಗೈ ಆಟ ಬರಲ್ಲ, ನೋಡಿದ್ರಾ? ನಾನು ಹೇಳಿಕೊಡ್ತೀನಿ. ನಾವಿಬ್ರೂ ಒಟ್ಟಿಗೆ ಆಡಿದ್ರೆ ಮುಂದಿನ ವರ್ಷ ಯಾರೂ ನಮ್ಮನ್ನ ಮುಟ್ಟಕ್ಕಾಗಲ್ಲ." ಹುಡುಗ ಚೀಲ ಹೆಗಲಿಗೇರಿಸಿದ. "ಸೋಮವಾರ ಅಭ್ಯಾಸ ಎಷ್ಟು ಗಂಟೆಗೆ, ಕೋಚ್?"

"ಆರಕ್ಕೆ," ಎಂದ ಆರ್ವಿಲ್. "ತಡ ಮಾಡ್ಬೇಡ."