ಏಳುವ ಟಿವಿ, ಏಳದ ಅತ್ತೆ

ಕೆಲವರ ಮನೆಗೆ ಹೊಸ ಸಾಮಾನು ಬರುತ್ತದೆ, ಒಂದು ಮೂಲೆಯಲ್ಲಿ ಕೂರುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮ ಮನೆಗೆ ಬಂದ ಸಾಮಾನು ಮಾತ್ರ ಮೊದಲು ಒಂದು ಜಗಳ ಹಚ್ಚುತ್ತದೆ, ಆಮೇಲೆ ನಮ್ಮನ್ನು ಊರೂರು ತಿರುಗಿಸುತ್ತದೆ, ಕೊನೆಗೆ ದೊಡ್ಡ ಮನಸ್ಸು ಮಾಡಿ ಕೂರುತ್ತದೆ. ಮಿಕ್ಸಿಗೂ ಹೀಗೇ ಆಗಿತ್ತು, ವಾಷಿಂಗ್ ಮೆಷೀನಿಗೂ ಆಗಿತ್ತು. ಈ ಸಲ ಟಿವಿಯ ಸರದಿ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ, ಈಗ ನಾನು ನಿಲ್ಲಿಸಿದಲ್ಲಿಂದ ಹಿಂದಿ ಟೀಚರು ಮುಂದುವರಿಸುತ್ತಾರೆ.

1. ಗೋಡೆ ಹುಡುಕಿದ್ದು

ನಮ್ಮವರು ಹಬ್ಬದ ಆಫರ್ ಇದೆಯೆಂದು ದೊಡ್ಡದೊಂದು ಟಿವಿ ತಂದರು. ತಂದ ಮೇಲೆ ಅದಕ್ಕೊಂದು ಗೋಡೆ ಹುಡುಕಿದರು. ಬಳ್ಳಾರಿಯ ಹಳೇ ಓಣಿಯ ಮನೆ ನಮ್ಮದು. ಹಾಲ್‌ನ ಒಂದು ಗೋಡೆಗೆ ದೇವರ ಜಗಲಿ, ಇನ್ನೊಂದಕ್ಕೆ ಅಡುಗೆಮನೆಯ ಬಾಗಿಲು, ಮತ್ತೊಂದಕ್ಕೆ ಮಾಳಿಗೆಯ ಮೆಟ್ಟಿಲು. ಉಳಿದದ್ದು ಓಣಿಯ ಕಡೆಗಿನ ದೊಡ್ಡ ಕಿಟಕಿ. ಕಿಟಕಿಯ ಎದುರಿಗೆ ಮಂಚ, ಮಂಚದ ಮೇಲೆ ನಮ್ಮ ಅತ್ತೆ.

ಮೊಣಕಾಲು ನೋವು ಹೆಚ್ಚಾದ ಮೇಲೆ ಅತ್ತೆ ಓಣಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಓಣಿಯೇ ಅವರಲ್ಲಿಗೆ ಬರುತ್ತದೆ. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರು ಮುಖ ಊದಿಸಿಕೊಂಡು ತವರಿಗೆ ಹೊರಟರು, ಎಲ್ಲವೂ ಆ ಕಿಟಕಿಯಲ್ಲಿ ದಿನಾ ನಡೆಯುತ್ತದೆ. ನಡುವೆ ಜಾಹೀರಾತೂ ಇಲ್ಲ. ಟಿವಿ ಅಲ್ಲಿಗೆ ಬರುತ್ತದೆಂದು ತಿಳಿದದ್ದೇ ತಡ, ಅತ್ತೆ ತೀರ್ಪು ಕೊಟ್ಟರು: "ಆ ಡಬ್ಬಿ ಕಿಟಕಿಗೆ ಅಡ್ಡ ಬಂತಂದ್ರ ನಾನು ದೇಶನೂರಿಗೆ ಮಗಳ ಮನಿಗೆ ಹೋಗ್ತೀನಿ. ತಿರುಗಿ ಬರಂಗಿಲ್ಲ."

ನನಗೆ ಅದು ಆಗದ ಮಾತು. ಸಂಜೆ ಶಾಲೆಯಿಂದ ಬಂದಾಗ ಅತ್ತೆ ಓಣಿಯ ಸುದ್ದಿ ಹೇಳದಿದ್ದರೆ ನನ್ನ ಗಂಟಲಲ್ಲಿ ಚಹಾ ಇಳಿಯುವುದಿಲ್ಲ. ಅವರೆಂದರೆ ನನಗೆ ಬಲು ಪ್ರೀತಿ. ಅದನ್ನು ಅವರೆದುರು ಹೇಳುವುದಿಲ್ಲ, ಅಷ್ಟೇ.

ನಮ್ಮವರು ಮೊಬೈಲಿನಲ್ಲಿ ಹುಡುಕಿ ಹುಡುಕಿ ಒಂದು ವಿಡಿಯೋ ತಂದು ತಾಯಿಯ ಮುಂದೆ ಹಿಡಿದರು. ಗಿಡ್ಡನೆಯ ಪೆಟ್ಟಿಗೆ, ಅದರೊಳಗೆ ಮೋಟಾರು. ಬೇಕಾದಾಗ ಟಿವಿ ಮೇಲೇಳುತ್ತದೆ, ಬೇಡವಾದಾಗ ಒಳಗಿಳಿಯುತ್ತದೆ.

"ನೋಡವಾ, ಹಗಲೆಲ್ಲಾ ಕಿಟಕಿ ನಿಂದು. ರಾತ್ರಿ ಅಷ್ಟ ಟಿವಿ. ಬಟನ್ ಒತ್ತಿದ್ರ ತಾನಾ ಏಳ್ತೈತಿ."

ಅತ್ತೆ ಎರಡು ಸಲ ನೋಡಿ ಹೇಳಿದರು: "ಇಂಥಾದ್ದೊಂದು ಐತಿ ಅಂತ ಮೊದಲ ಗೊತ್ತಿದ್ರ, ನೀನು ಸಾಲಿಗೆ ಹೋಗೂ ಮುಂದ ನಿನ್ನ ಹಾಸಿಗಿಗೆ ಹಾಕಸ್ತಿದ್ದೆ."

2. ಅಂಗಡಿಯಲ್ಲಿ

ಈಗ ಪ್ರಶ್ನೆ, ರೆಡಿಮೇಡ್ ಕೊಳ್ಳುವುದೋ, ಮಾಡಿಸುವುದೋ. ಮೊದಲು ಬಳ್ಳಾರಿಯಲ್ಲೇ ಒಂದು ಫರ್ನಿಚರ್ ಅಂಗಡಿಗೆ ಹೋದೆವು. ಸೇಲ್ಸ್‌ಮನ್ ನಮ್ಮನ್ನು ನೋಡಿ ಮೊದಲು ತೆಲುಗಿನಲ್ಲಿ ಕರೆದ, ಆಮೇಲೆ ಕನ್ನಡಕ್ಕೆ ಬಂದ, ರೇಟು ಹೇಳುವಾಗ ಇಂಗ್ಲಿಷಿಗೆ ಹೋದ. ರೇಟು ಕೇಳಿ ನಮ್ಮವರು ಅಲ್ಲೇ ಇದ್ದ ಸೋಫಾದ ಮೇಲೆ ಕೂತರು. "ಆ ಸೋಫಾಕ್ಕೂ ಆಫರ್ ಐತಿ ಸಾರ್" ಎಂದ.

ಆಮೇಲೆ ಬಟನ್ ಒತ್ತಿ ತೋರಿಸಿದ. ಪೆಟ್ಟಿಗೆಯ ಮುಚ್ಚಳ ತೆರೆಯಿತು, ಟಿವಿ ಗಂಭೀರವಾಗಿ ಮೇಲೆ ಬರತೊಡಗಿತು. ಅರ್ಧ ಬಂದಿತ್ತು, ಕರೆಂಟು ಹೋಯಿತು. ಟಿವಿ ಅಲ್ಲೇ ನಿಂತಿತು.

"ಈಗೇನು ಮಾಡ್ಬೇಕ್ರಿ?" ಎಂದು ನಾನು ಕೇಳಿದೆ.

"ಕರೆಂಟ್ ಇಲ್ಲಂದ್ಮ್ಯಾಲೆ ಟಿವಿ ಹೆಂಗಿದ್ದರೂ ನೋಡಾಕ ಆಗಂಗಿಲ್ಲಲ್ರಿ ಮೇಡಂ. ಎಲ್ಲಿ ನಿಂತರೇನು?"

ಅವನಿಗೇನು ಗೊತ್ತು! ಕರೆಂಟು ಹೋದಾಗಲೇ ಅಲ್ಲವೇ ಇಡೀ ಓಣಿ ಬೀಸಣಿಕೆ ಹಿಡಿದು ಕಟ್ಟೆಗೆ ಬಂದು ಕೂರುವುದು! ಕಿಟಕಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನಮ್ಮವರು ಅಲ್ಲಿಂದಲೇ ತಾಯಿಗೆ ಫೋನ್ ಹಚ್ಚಿದರು.

"ಅವ್ವಾ, ಕರೆಂಟ್ ಹೋದ್ರ ಅರ್ಧಕ್ಕ ನಿಲ್ತೈತಿ. ಕಿಟಕಿ ಅರ್ಧ ಅಷ್ಟ ಮುಚ್ಚತೈತಿ, ನಡೀತೈತೇನು?"

"ಮ್ಯಾಲಿನ ಅರ್ಧನೋ, ಕೆಳಗಿನ ಅರ್ಧನೋ?"

"ಕೆಳಗಿಂದು."

"ಹಂಗಾದ್ರ ಬ್ಯಾಡ. ಬರೇ ಮುಖ ನೋಡಿ ಏನು ಮಾಡ್ಲಿ? ಕೈಯಾಗ ಏನು ಹಿಡ್ಕೊಂಡು ಹೊಂಟಾರ ಅನ್ನೂದು ಮುಖ್ಯ."

3. ಸಿರುಗುಪ್ಪದ ಮೋಟಾರು

ಮಾಡಿಸಿಯೇ ಬಿಡೋಣವೆಂದು ನಮ್ಮವರು ನಿರ್ಧರಿಸಿದ್ದರಲ್ಲಿ ನನ್ನ ತಮ್ಮನ ಕೈವಾಡವಿತ್ತು. ಅವನು ಸಿರುಗುಪ್ಪದಲ್ಲಿ ಒಂದು ರೈಸ್ ಮಿಲ್ಲಿನ ಮೆಕ್ಯಾನಿಕ್. ಕೆಟ್ಟು ನಿಂತದ್ದನ್ನು ಓಡಿಸುವುದರಲ್ಲಿ ಗಟ್ಟಿಗ. ಓಡುತ್ತಿರುವುದನ್ನು ಮುಟ್ಟದಂತೆ ನೋಡಿಕೊಂಡರೆ ಸಾಕು.

"ಟಿವಿ ಎತ್ತೂದು ಏನು ದೊಡ್ಡ ಮಾತು ಬಿಡ್ರಿ ಮಾವಾರ. ಭತ್ತ ಎತ್ತೂ ಎಲಿವೇಟರಿನ ಹಳೇ ಮೋಟಾರು ಒಂದು ಬಿದ್ದೈತಿ. ಅಂಗಡ್ಯಾಗಿನ ಆಟದ ಸಾಮಾನಿಗೆ ರೊಕ್ಕ ಯಾಕ ಹಾಕ್ತೀರಿ?"

ಒಂದು ಭಾನುವಾರ ಟ್ರಯಲ್ ನೋಡಲು ಹೋದೆವು. ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಕಬ್ಬಿಣದ ಚೌಕಟ್ಟು, ಚೈನು, ಟಿವಿಯ ಬದಲಿಗೆ ಅಷ್ಟೇ ದೊಡ್ಡ ಪ್ಲೈವುಡ್ ಹಲಗೆ. ಹಮಾಲರು ಕೂಡ ಕೆಲಸ ಬಿಟ್ಟು ಬಂದು ನಿಂತಿದ್ದರು. ತಮ್ಮ ಒಂದು ಊದಿನಕಡ್ಡಿ ಹಚ್ಚಿದ, ಮೋಟಾರಿಗೆ ಕೈ ಮುಗಿದ, ಸ್ವಿಚ್ ಒತ್ತಿದ.

ಹಲಗೆ ಏರಿದ್ದನ್ನು ನಾವ್ಯಾರೂ ನೋಡಲಿಲ್ಲ. ಮೇಲೆ ತಗಡಿಗೆ ಬಡಿದ ಸದ್ದು ಮಾತ್ರ ಕೇಳಿಸಿತು. ಪಾರಿವಾಳಗಳೆಲ್ಲ ಹಾರಿಹೋದವು, ಹಮಾಲರು ಅವಕ್ಕಿಂತ ಮೊದಲೇ ಹೋಗಿದ್ದರು. ನಮ್ಮವರ ತಲೆಯ ಮೇಲೆ ಎಷ್ಟೋ ವರ್ಷದ ತೌಡು ಉದುರಿತು.

"ಸ್ಪೀಡ್ ಒಂಚೂರು ಕಮ್ಮಿ ಮಾಡ್ಬೇಕು" ಎಂದ ತಮ್ಮ, ಏನೂ ಆಗಿಲ್ಲವೆಂಬಂತೆ.

"ಲೇ, ನಮ್ಮ ಮಾಳಿಗಿ ಮ್ಯಾಲೆ ಬಾಡಿಗಿಯವರು ಅದಾರೋ!" ಎಂದು ನಮ್ಮವರು ತೌಡು ಕೊಡವುತ್ತ ಕೂಗಿದರು.

"ಇರ್ಲಿ ಬಿಡ್ರಿ ಮಾವಾರ, ಅವರೂ ನೋಡ್ಲಿ ಟಿವಿ."

4. ಕುರುಗೋಡಿನಲ್ಲಿ ಕಂಡದ್ದು

ಈಗಾಗಲೇ ಮಾಡಿಸಿದವರನ್ನು ಕೇಳಿದರೆ ಒಳ್ಳೆಯದಲ್ಲವೇ ಎಂದು ನಾನೇ ಅಂದೆ. ನಮ್ಮವರ ಆಫೀಸಿನ ಗೆಳೆಯರೊಬ್ಬರು ಕುರುಗೋಡಿನಲ್ಲಿ ಬಡಿಗೇರರ ಕೈಯಿಂದ ಇಂಥದ್ದೇ ಪೆಟ್ಟಿಗೆ ಮಾಡಿಸಿದ್ದರು. ಆಫೀಸಿನಲ್ಲಿ ಅದರ ಬಣ್ಣನೆ ಕೇಳಿ ಕೇಳಿಯೇ ನಮ್ಮವರಿಗೆ ಹೊಟ್ಟೆಕಿಚ್ಚು ಹತ್ತಿದ್ದು.

ಹೋದಾಗ ಗೆಳೆಯರು ಯಾಕೋ ಪೆಟ್ಟಿಗೆಯ ಕಡೆ ನಮ್ಮನ್ನು ಬಿಡಲೇ ಇಲ್ಲ. ಚಹಾ ಆಯಿತು, ಒಗ್ಗರಣೆ ಮಂಡಕ್ಕಿ ಆಯಿತು, ಮಿರ್ಚಿ ಆಯಿತು. ಕೊನೆಗೆ ನಮ್ಮವರೇ ಬಾಯಿ ಬಿಟ್ಟು ಕೇಳಿದರು. ಗೆಳೆಯರು ಕೆಮ್ಮಿದರು. ಅವರ ಹೆಂಡತಿ ಮಾತ್ರ ಖುಷಿಯಿಂದ ಎದ್ದು ಬಟನ್ ಒತ್ತಿದರು.

ಮುಚ್ಚಳ ತೆರೆಯಿತು. ಸದ್ದಿಲ್ಲದೆ, ರಾಜಗಾಂಭೀರ್ಯದಿಂದ ಮೇಲೆ ಬಂದವು ಉಪ್ಪಿನಕಾಯಿ ಜಾಡಿಗಳು. ಹಿಂದೆಯೇ ಶೇಂಗಾ ಚಟ್ನಿ, ಹಪ್ಪಳದ ಡಬ್ಬಿ.

"ಟಿವಿ ಬೆಡ್‌ರೂಮಿನ್ಯಾಗ ಗ್ವಾಡಿಗೆ ಹಾಕೀವ್ರಿ" ಎಂದರು ಆಕೆ. "ಇದರಾಗ ಇವು ಇಟ್ಟ ಮ್ಯಾಲೆ ನನಗ ಬಗ್ಗೂದು ತಪ್ಪೇತಿ ನೋಡ್ರಿ. ಇವರಿಗೆ ತಗದು ತಿನ್ನೂದೂ ತಪ್ಪೇತಿ. ರಿಮೋಟ್ ನನ್ನ ಹತ್ರ ಇರ್ತೈತಿ."

ಬಡಿಗೇರರ ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಒಪ್ಪಲೇಬೇಕು. ವಾಪಸು ಬರುವಾಗ ಬಸ್ಸಿನಲ್ಲೇ ತೀರ್ಮಾನವಾಯಿತು: ಬ್ಯಾಟರಿ ಇರುವ ಮೋಟಾರು ಅಂಗಡಿಯಿಂದ ಕೊಳ್ಳುವುದು, ಪೆಟ್ಟಿಗೆ ಕುರುಗೋಡಿನಲ್ಲಿ ಮಾಡಿಸುವುದು. ಕರೆಂಟು ಹೋದರೂ ಕಿಟಕಿ ಪೂರ್ತಿ ತೆರೆಯುತ್ತದೆ.

"ನಿನಗೇನಾದರೂ ಹೇಳೂದೈತೇನು?" ಎಂದು ನಮ್ಮವರು ಕೇಳಿದರು.

"ಎರಡು ಮಾಡಸ್ರಿ" ಎಂದೆ.

5. ಪರದೆ ಎದ್ದದ್ದು

ಪೆಟ್ಟಿಗೆ ಬಂತು. ಟಿವಿ ಎದ್ದಿತು, ಇಳಿಯಿತು. ಹಗಲು ಕಿಟಕಿ, ರಾತ್ರಿ ಟಿವಿ ಎಂಬ ಒಪ್ಪಂದ ಸರಿಯಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಕ್ರಿಕೆಟ್ ಶುರುವಾಯಿತು. ನಮ್ಮವರು ರಜೆ ಹಾಕಿ ಬೆಳಿಗ್ಗೆಯಿಂದಲೇ ಟಿವಿ ಏರಿಸಿ ಕೂತರು. ಮರುದಿನವೂ ಕೂತರು. ಸಂಜೆ ಚಹಾದ ಹೊತ್ತಿಗೆ ಹೇಳಲು ಅತ್ತೆಯ ಹತ್ತಿರ ಓಣಿಯ ಸುದ್ದಿಯೇ ಇರಲಿಲ್ಲ. ಅದೇ ನನಗೆ ಹೆದರಿಕೆ. ಮೂರನೆಯ ದಿನ ನೋಡುತ್ತೇನೆ, ಮಂಚದ ಮೇಲೆ ಬಟ್ಟೆ ತುಂಬಿದ ಚೀಲ!

"ಆಟೋ ಕರಿಯವಾ" ಎಂದರು ಅತ್ತೆ ನನ್ನ ಕಡೆ ತಿರುಗಿ. "ದೇಶನೂರಿಗೆ ಹೊಂಟೀನಿ."

ನನಗೆ ಅಳುವೇ ಬಂತು. ಸಿಟ್ಟೂ ಬಂತು. "ಮೊದಲ ಅದನ್ನ ಇಳಸ್ರೀ!" ಎಂದು ನಮ್ಮವರ ಮೇಲೆ ಚೀರಿದೆ. ಅವರು ಗಾಬರಿಯಾಗಿ ಬಟನ್ ಒತ್ತಿದರು.

ಟಿವಿ ನಿಧಾನಕ್ಕೆ ಇಳಿಯತೊಡಗಿತು. ಅದರ ಹಿಂದೆ, ಕಿಟಕಿಯ ಸರಳುಗಳಾಚೆ, ಮೊದಲು ಬಿಳೀ ಕೂದಲು ಕಾಣಿಸಿತು. ಆಮೇಲೆ ಕನ್ನಡಕ. ಆಮೇಲೆ ಬಾಯಿ, ಆಗಲೇ ಮಾತಾಡುತ್ತಿತ್ತು. ಎದುರು ಮನೆಯ ಅಜ್ಜಿ!

"ಏನವಾ ಇದು ನಿಮ್ಮದು? ಎಲ್ಡು ದಿನದಿಂದ ಈ ಕರೀ ಹಲಗಿ ಅಡ್ಡ ನಿಲ್ಲಿಸೀರಿ! ನಿಮ್ಮ ಮನ್ಯಾಗ ಏನು ನಡದೈತಿ ಅಂತ ನನಗ ಒಂದೂ ತಿಳೀವಲ್ದು!"

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಮನ್ಯಾಗ ನಡಿಯೂದು ನಿನಗ್ಯಾಕ ಬೇಕು?"

"ಮತ್ತ ನನಗ ಹೊತ್ತು ಹೆಂಗ ಹೋಗಬೇಕು? ನಿನ್ನ ಸೊಸಿ ಸಾಲಿಗೆ ಹೋದ ಕೂಡ್ಲೇ ನೀನು ಗೋಡಿ ಹಿಡ್ಕೊಂಡು ಅಡಿಗಿಮನಿಗೆ ಹೋಗೂದು, ಶೇಂಗಾ ಉಂಡಿ ತರೂದು, ತಿಂದು ಬಾಯಿ ಒರಿಸ್ಕೊಳ್ಳೂದು, ಆಕಿ ಬಂದ್ಮ್ಯಾಲೆ ಮೊಣಕಾಲು ಹಿಡ್ಕೊಂಡು 'ಯವ್ವಾ' ಅನ್ನೂದು, ದಿನಾ ನೋಡ್ತೀನಿ ನಾನು. ಡಾಕ್ಟರು ಸಿಹಿ ಮುಟ್ಟಬ್ಯಾಡ ಅಂದಾರ ಅಂತೀ, ಮತ್ತ..."

ನಾನು ಅತ್ತೆಯನ್ನು ನೋಡಿದೆ. ನಮ್ಮವರೂ ನೋಡಿದರು. ಅತ್ತೆ ನಮ್ಮಿಬ್ಬರನ್ನೂ ನೋಡಲಿಲ್ಲ. ಮಗನ ಕೈಯಿಂದ ರಿಮೋಟ್ ಕಸಿದುಕೊಂಡು ಹೆಬ್ಬೆರಳು ಒತ್ತಿ ಹಿಡಿದರು.

ಟಿವಿ ಏರಿತು. ಅಜ್ಜಿಯ ಬಾಯಿ ಮುಚ್ಚಿತು, ಕನ್ನಡಕ ಮುಚ್ಚಿತು, ಮಾತು ಮಾತ್ರ ಮುಚ್ಚಲಿಲ್ಲ. ಆಮೇಲೆ ಅಜ್ಜಿ ತುದಿಗಾಲಿನಲ್ಲಿ ನಿಂತಳೆಂದು ಕಾಣುತ್ತದೆ, ಟಿವಿಯ ಮೇಲಂಚಿನಲ್ಲಿ ಎರಡು ಕಣ್ಣು ಮತ್ತೆ ಮೂಡಿದವು.

ಅತ್ತೆ ಹೆಬ್ಬೆರಳು ತೆಗೆಯದೆ ಮಗನನ್ನು ಕೇಳಿದರು:

"ಲೇ, ಇದು ಇಷ್ಟ ಏರತೈತೋ, ಇನ್ನೂ ಏರತೈತೋ?"